ಯೊಬೊ ಎಂಬ ಪದಕ್ಕೆ ಎರಡು ಸೆಕೆಂಡು

ಸಬ್‌ಟೈಟಲ್ ಬರೆಯುವುದನ್ನು ಕಲಿಯಬೇಕೆಂದು ಬರುವ ಹೊಸಬರು ನನ್ನನ್ನು ಮೊದಲು ಕೇಳುವುದು, ಎಷ್ಟು ಭಾಷೆ ಬರಬೇಕು ಎಂದು. ಭಾಷೆಗಿಂತ ಮೊದಲು ಬಾಯಿ ಮುಚ್ಚಿಕೊಂಡು ಕೇಳುವುದು ಬರಬೇಕು ಎಂದರೆ ನಗುತ್ತಾರೆ. ನಾನು ತಮಾಷೆಗೆ ಹೇಳುವುದಿಲ್ಲ. ಟೋಕಿಯೋದ ಒಂದು ಪುಟ್ಟ ಕಚೇರಿಗೆ ಇಪ್ಪತ್ತಾರು ವರ್ಷ ಇಂಗ್ಲಿಷ್ ಸಬ್‌ಟೈಟಲ್ ಬರೆದುಕೊಟ್ಟು ಹೋದ ವರ್ಷ ನಿವೃತ್ತಳಾದೆ. ಜಪಾನಿನ ಚಿತ್ರೋತ್ಸವಗಳಲ್ಲಿ ವಿದೇಶಿಯರಿಗಾಗಿ ಪರದೆಯ ಕೆಳಗೆ ಎರಡು ಸಾಲು ಮೂಡಿ ಮಾಯವಾಗುತ್ತವಲ್ಲ, ಅವು. ಮೊದಮೊದಲು ಜಪಾನಿ ಸಿನಿಮಾಗಳಿಗೆ ಬರೆದೆ, ಆಮೇಲೆ ಹೆಚ್ಚಾಗಿ ಕೊರಿಯನ್ ಸಿನಿಮಾಗಳಿಗೆ; ಅವುಗಳಲ್ಲಿ ಜಪಾನಿಯರಿಗಾಗಿ ಜಪಾನಿ ಸಾಲುಗಳು ಪರದೆಯ ಪಕ್ಕದಲ್ಲಿ ಬೇರೆಯೇ ಬರುತ್ತವೆ. ಚೆನ್ನಾಗಿ ಬಂದ ಕೆಲಸದ ಬಗ್ಗೆ ಹೇಳಲು ಏನೂ ಇಲ್ಲ. ಸಬ್‌ಟೈಟಲ್ ಚೆನ್ನಾಗಿದ್ದರೆ ಅದು ಇತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ. ಎಡವಿದ್ದನ್ನು ಬರೆಯುತ್ತೇನೆ. ನಿಮಗೆ ಉಪಯೋಗಕ್ಕೆ ಬರುವುದು ಅದೇ.

ನಾನು ಈ ಕೆಲಸಕ್ಕೆಂದು ಜಪಾನಿಗೆ ಬಂದವಳಲ್ಲ. ನಮ್ಮವರಿಗೆ ಸೆಂಡಾಯ್ ವಿಶ್ವವಿದ್ಯಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುವ ಕೆಲಸ ಸಿಕ್ಕಿತು, ಮಗಳು ಮೇಘನಾಳನ್ನು ಎತ್ತಿಕೊಂಡು ಅವರ ಜೊತೆ ಬಂದೆ. ವಿದೇಶಿ ಸಂಶೋಧಕರ ವಸತಿಗೃಹದಲ್ಲಿ ನಮ್ಮ ಪಕ್ಕದ ಮನೆ ಕೊರಿಯಾದವರದು. ಗಂಡ ಪಾಕ್ ಸಾನ್ (ಜಪಾನಿನ ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ), ರಸಾಯನಶಾಸ್ತ್ರದವರು, ಎತ್ತರದ ಮನುಷ್ಯ, ಮಾತು ಕಡಿಮೆ. ಹೆಂಡತಿ ಯುನ್‌ಜಂಗ್. ನನಗಿಂತ ನಾಲ್ಕು ವರ್ಷ ದೊಡ್ಡವಳು ಎಂದು ಗೊತ್ತಾದ ದಿನವೇ “ನನ್ನನ್ನ ಒನ್ನಿ ಅಂತ ಕರಿ” ಎಂದು ಅಪ್ಪಣೆ ಮಾಡಿದಳು. ಒನ್ನಿ ಎಂದರೆ ಅಕ್ಕ. ಅಂದಿನಿಂದ ಅವಳು ನನಗೆ ಯುನ್‌ಜಂಗ್ ಅಕ್ಕ.

ನಗರಸಭೆಯವರು ನಡೆಸುತ್ತಿದ್ದ ಜಪಾನಿ ತರಗತಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಅಲ್ಲಿ ಅಮೆರಿಕದ ಹೆಂಗಸರು ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಇಡಲು ಒದ್ದಾಡುತ್ತಿದ್ದರೆ ನಾವಿಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ‘ನಾನು ನಿನ್ನೆ ಅಂಗಡಿಗೆ ಹೋದೆ’ ಎನ್ನುವುದಕ್ಕೆ ಅವಳ ಭಾಷೆಯಲ್ಲೂ ಅದೇ ಕ್ರಮ, ನನ್ನ ಭಾಷೆಯಲ್ಲೂ ಅದೇ ಕ್ರಮ. ನೀನು, ನೀವು ಎಂಬ ವ್ಯತ್ಯಾಸವೂ ಅವಳಿಗೆ ಹೊಸದಲ್ಲ. ಊರಿನಿಂದ ಅವಳ ತಂಗಿ ಕಳಿಸುತ್ತಿದ್ದ ಧಾರಾವಾಹಿಗಳ ಟೇಪುಗಳನ್ನು ಮಧ್ಯಾಹ್ನ ಹಾಕಿಕೊಂಡು ಮಕ್ಕಳಿಗೆ ಊಟ ಮಾಡಿಸುತ್ತಾ ನೋಡುತ್ತಿದ್ದೆವು. ನಾನು ಪ್ರತಿ ಎರಡು ನಿಮಿಷಕ್ಕೆ “ಏನಂದ್ಲು? ಏನಂದ್ಲು?” ಎನ್ನುತ್ತಿದ್ದೆ. ಆರು ವರ್ಷ ಹಾಗೆ ಕಳೆದ ಮೇಲೆ ಕೇಳುವುದನ್ನು ನಿಲ್ಲಿಸಿದೆ. ಕೊರಿಯನ್ ಬಂದುಬಿಟ್ಟಿತ್ತು.

ನಮ್ಮವರಿಗೆ ತ್ಸುಕುಬಾದ ಸಂಶೋಧನಾ ಸಂಸ್ಥೆಗೆ ವರ್ಗವಾಯಿತು. ಪಾಕ್ ದಂಪತಿ ಸೆಂಡಾಯ್‌ನಲ್ಲೇ ಉಳಿದರು. ಮೇಘನಾ ಶಾಲೆಗೆ ಹೋಗತೊಡಗಿದ ಮೇಲೆ ನಾನು ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಜಾಹೀರಾತು ನೋಡಿ ಟೋಕಿಯೋಕ್ಕೆ ಸಂದರ್ಶನಕ್ಕೆ ಹೋದೆ. ಕಚೇರಿಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಅದರ ಒಡತಿ ಓಕುಡಾ ಸಾನ್. ಕತ್ತರಿಸಿದ ಕೂದಲು, ಕುತ್ತಿಗೆಗೆ ನೇತುಹಾಕಿಕೊಂಡ ಸ್ಟಾಪ್‌ವಾಚ್, ಶಾಲೆಯ ಪಿ.ಟಿ. ಮೇಡಂ ಥರ. ನನ್ನ ಪದವಿ ಪತ್ರ ನೋಡಲಿಲ್ಲ. ಒಂದು ಟೇಪು ಹಾಕಿ, “ಇವನು ಯಾವಾಗ ಉಸಿರು ತಗೋತಾನೋ ಆಗೆಲ್ಲ ಬೆರಳೆತ್ತಿ” ಎಂದರು. ಎತ್ತಿದೆ. “ನಾಳೆಯಿಂದ ಬನ್ನಿ” ಎಂದರು.

ಕೆಲಸದ ಮೊದಲ ಪಾಠ ಹೇಳಿಬಿಡುತ್ತೇನೆ. ಜನ ಕೇಳುವಷ್ಟು ವೇಗವಾಗಿ ಓದಲಾರರು. ಜಪಾನಿಯಲ್ಲಿ ಸೆಕೆಂಡಿಗೆ ನಾಲ್ಕು ಅಕ್ಷರ ಎನ್ನುವ ಲೆಕ್ಕ. ಇಂಗ್ಲಿಷಿಗೆ ಬೇರೆ ಲೆಕ್ಕ, ಆದರೆ ಕಷ್ಟ ಅದೇ. ಪಾತ್ರ ಹತ್ತು ಮಾತಾಡಿದರೆ ನೀವು ಆರನ್ನು ಬಿಡಬೇಕು, ಬಿಟ್ಟದ್ದು ಯಾರಿಗೂ ಗೊತ್ತಾಗಬಾರದು. ಆಗ ನಾವು ಟೇಪನ್ನು ಹಿಂದೆ ಮುಂದೆ ಓಡಿಸಿ, ಸ್ಟಾಪ್‌ವಾಚ್ ಒತ್ತಿ, ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು.

ಮೊದಲ ವರ್ಷವೇ ಮಾಡಿಕೊಂಡ ಯಡವಟ್ಟು ಈಗಲೂ ನೆನಪಿದೆ. ಒಂದು ಪತ್ತೇದಾರಿ ಚಿತ್ರ. ಕೊನೆಯಲ್ಲಿ ಅಜ್ಜಿಯೊಬ್ಬಳು ತುಂಬಾ ಹೊತ್ತು ಸುಮ್ಮನಿದ್ದು ಕೊಲೆಗಾರನ ಹೆಸರು ಹೇಳುತ್ತಾಳೆ. ಅವಳು ಬಾಯಿ ತೆರೆಯುವುದಕ್ಕೆ ಎರಡು ಸೆಕೆಂಡು ಮೊದಲೇ ನನ್ನ ಸಬ್‌ಟೈಟಲ್ ಬಂದುಬಿಟ್ಟಿತು. ಓಕುಡಾ ಸಾನ್ ಬೈಯಲಿಲ್ಲ. ನನ್ನನ್ನು ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿ ನಡುವಿನ ಸಾಲಿನಲ್ಲಿ ಕೂರಿಸಿದರು. ಬಲಗಡೆ ಕೂತಿದ್ದ ವಿದೇಶಿಯರೆಲ್ಲ ‘ಓ’ ಎಂದು ಉದ್ಗರಿಸಿದ ಮೇಲೆ ಎಡಗಡೆಯ ಜಪಾನಿಯರು ಬೆಚ್ಚಿಬಿದ್ದು ಅವರ ಕಡೆ ತಿರುಗಿ ನೋಡಿದರು. ಅಜ್ಜಿ ಇನ್ನೂ ಮಾತೇ ಆಡಿರಲಿಲ್ಲ.

“ಓದೋರು ಕೇಳೋರಿಗಿಂತ ಮೊದಲು ಅಳಬಾರದು ವಸುಧಾ ಸಾನ್” ಎಂದರು ಹೊರಗೆ ಬಂದ ಮೇಲೆ. ಅಷ್ಟೇ.

ಎರಡನೆಯದು ಇನ್ನೂ ಘೋರ. ಕೊರಿಯನ್ ಹುಡುಗಿಯರು ಪ್ರಿಯಕರನನ್ನು ‘ಒಪ್ಪಾ’ ಎನ್ನುತ್ತಾರೆ, ಆ ಪದಕ್ಕೆ ಅಣ್ಣ ಎಂಬ ಅರ್ಥವೂ ಇದೆ. ನಾನು ನಿಷ್ಠೆಯಿಂದ ‘ಬ್ರದರ್’ ಎಂದು ಹಾಕುತ್ತಾ ಹೋದೆ. ನಾಯಕ ನಾಯಕಿಗೆ ಮುತ್ತಿಡುವ ದೃಶ್ಯದಲ್ಲಿ ಪರದೆಯ ಕೆಳಗೆ ‘ಬ್ರದರ್!’ ಎಂದು ಮೂಡಿದಾಗ ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ, “ನಮ್ಮ ಕಡೆ ಗಂಡನ್ನ ಮಾವ ಅಂತಾರಲ್ಲೇ, ಅದನ್ನ ನೀನು ಅಂಕಲ್ ಅಂತ ಟ್ರಾನ್ಸ್‌ಲೇಟ್ ಮಾಡಿಲ್ವಲ್ಲ, ಖುಷಿ ಪಡು” ಎಂದರು. ಸಂಬಂಧದ ಪದವನ್ನು ನಿಘಂಟಿನಲ್ಲಿ ಹುಡುಕಬಾರದು ಎಂದು ಅವತ್ತು ಕಲಿತೆ. ಅದು ಎಷ್ಟು ನಿಜ ಎನ್ನುವುದು ಮಾತ್ರ, ಹೇಳಲು ಹೊರಟಿರುವ ಈ ಸಿನಿಮಾ ಬರುವವರೆಗೆ ನನಗೆ ತಿಳಿದಿರಲಿಲ್ಲ.

ಆ ಕೊರಿಯನ್ ಚಿತ್ರ ನಮ್ಮ ಕಚೇರಿಗೆ ಬಂದದ್ದು ನನ್ನ ನಿವೃತ್ತಿಗೆ ಕೆಲವು ವರ್ಷ ಮೊದಲು. ಅಷ್ಟರಲ್ಲಿ ಟೇಪು ಹೋಗಿ ಕಂಪ್ಯೂಟರ್ ಬಂದಿತ್ತು. ಕಥೆ ಹೀಗಿದೆ. ಗಂಡ ತೀರಿಕೊಂಡ ಹೆಂಗಸೊಬ್ಬಳು ಬೇರೆ ಊರಿನ ಅಪಾರ್ಟ್‌ಮೆಂಟಿಗೆ ಮನೆ ಬದಲಾಯಿಸುತ್ತಾಳೆ. ಅಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಸ್ಪೀಕರ್. ಮೊದಲ ದಿನವೇ ಅದರಿಂದ ‘ನಾಳೆ ಬೆಳಗ್ಗೆ ಹತ್ತರಿಂದ ನೀರು ಬರುವುದಿಲ್ಲ’ ಎಂಬ ಪ್ರಕಟಣೆ ಬರುತ್ತದೆ. ಅದು ಸತ್ತ ಗಂಡನದೇ ಧ್ವನಿ. ಓಡಿಹೋಗಿ ಕಚೇರಿಯಲ್ಲಿ ನೋಡಿದರೆ ಕುಳ್ಳಗಿನ, ತಲೆ ಬೋಳಾದ ಒಬ್ಬ ಗುಮಾಸ್ತ. ಅವಳು ದಿನವೂ ಒಂದೊಂದು ದೂರು ಕೊಡುತ್ತಾಳೆ, ಅವನು ಮೈಕಿನಲ್ಲಿ ಇನ್ನೊಂದು ಪ್ರಕಟಣೆ ಓದಲಿ ಎಂದು. ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಅವಳು ಅವನ ಜೊತೆ ಇರುವಾಗ ಕಣ್ಣು ಮುಚ್ಚಿಕೊಂಡಿರುತ್ತಾಳೆ. ಗಂಡ ಹೇಳುತ್ತಿದ್ದ ಮಾತುಗಳನ್ನು ಅವನಿಗೆ ಒಂದೊಂದಾಗಿ ಕಲಿಸುತ್ತಾಳೆ. ಅವನು ಕಲಿಯುತ್ತಾ ಕಲಿಯುತ್ತಾ ತನ್ನ ಮಾತನ್ನೇ ಮರೆಯುತ್ತಾನೆ. ಒಂದು ಸಂಜೆ ಅವನು ದೀಪ ಹಾಕದ ಮನೆಯೊಳಗೆ ಬಂದಾಗ ಅವಳು ಕತ್ತಲಲ್ಲಿ “ಯೊಬೊ” ಎನ್ನುತ್ತಾಳೆ. ಅವನು ಒಂದು ಗಳಿಗೆ ತಡೆದು, ಗಂಡನ ಹಾಗೇ “ಹ್ಞೂಂ” ಎನ್ನುತ್ತಾನೆ. ಅಲ್ಲಿಗೆ ಅವನು ಕಳೆದುಹೋದ ಎಂದು ನೋಡುವವರಿಗೆ ಗೊತ್ತಾಗಬೇಕು.

ಇಡೀ ಚಿತ್ರ ಆ ಒಂದು ಪದದ ಮೇಲೆ ನಿಂತಿತ್ತು. ನನಗಿದ್ದದ್ದು ಎರಡು ಸೆಕೆಂಡು.

ಯೊಬೊ ಎಂದರೆ ಹೆಂಡತಿ ಗಂಡನನ್ನು, ಗಂಡ ಹೆಂಡತಿಯನ್ನು ಕರೆಯುವ ಪದ. ಬೇರೆ ಯಾರಿಗೂ ಅದನ್ನು ಹೇಳುವಂತಿಲ್ಲ. ಕನ್ನಡದಲ್ಲಾದರೆ ‘ರೀ’ ಎಂದು ಬರೆದು ಎದ್ದುಬಿಡುತ್ತಿದ್ದೆ. ಶಿಶುವಿಹಾರದಲ್ಲಿ ಅಪ್ಪನ ಹೆಸರೇನು ಎಂದು ಕೇಳಿದ್ದಕ್ಕೆ ಮೇಘನಾ ‘ರೀ ಸಾನ್’ ಎಂದಿದ್ದಳು. ಆ ಪುಟ್ಟ ಪದದಲ್ಲಿ ಇಷ್ಟು ಸಂಸಾರವಿದೆ. ಇಂಗ್ಲಿಷಿನಲ್ಲಿ ಏನಿದೆ? ‘ಹನಿ’, ‘ಡಿಯರ್’. ಅವನ್ನು ಅಮೆರಿಕದಲ್ಲಿ ಹೋಟೆಲಿನವರೂ ಹೇಳುತ್ತಾರೆ. ಹತ್ತು ದಿನ ಒದ್ದಾಡಿದೆ. ಆಮೇಲೆ ಯುನ್‌ಜಂಗ್ ಅಕ್ಕನನ್ನು ಕೇಳೋಣ ಎನಿಸಿತು.

ಕೇಳಬಾರದಿತ್ತು. ಪಾಕ್ ಸಾನ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರ ಮಗ ಕೆನಡಾದಲ್ಲಿದ್ದ. ಅಕ್ಕ ಸೆಂಡಾಯ್‌ನ ಮನೆಯಲ್ಲೇ ಇದ್ದಳು. ಮನೆಯ ಫೋನಿಗೆ ಕರೆ ಮಾಡಿದರೆ ಆಗಲೂ ಪಾಕ್ ಸಾನ್ ಧ್ವನಿಯೇ ಬರುತ್ತಿತ್ತು: “ನಾವು ಮನೆಯಲ್ಲಿಲ್ಲ, ದಯವಿಟ್ಟು ಸಂದೇಶ ಬಿಡಿ.” ಫೋನಿನ ಯಂತ್ರದಲ್ಲಿ ಅವರು ಹಿಂದೆಂದೋ ಧ್ವನಿಮುದ್ರಿಸಿಟ್ಟದ್ದು. ಇಷ್ಟೆಲ್ಲ ಗೊತ್ತಿದ್ದೂ ನಾನು ಕೆಲಸದ ಭರದಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಸೆಂಡಾಯ್‌ಗೆ ಹೋದೆ. ಬಿಡುಗಡೆಯಾಗದ ಚಿತ್ರವನ್ನು ಹೊರಗಿನವರಿಗೆ ತೋರಿಸುವುದು ನಮ್ಮ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಒಂದೊಂದು ಪ್ರತಿಯ ಮೇಲೂ ಅದನ್ನು ಪಡೆದವರ ಹೆಸರು ಅಡ್ಡಲಾಗಿ ಮೂಡಿರುತ್ತದೆ. ನನ್ನ ಹೆಸರು ಮೂಡಿದ ಆ ಚಿತ್ರವನ್ನು ಅವಳು ಊಟದ ಮೇಜಿನ ಮುಂದೆ ಕೂತು ನೋಡಿದಳು. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು.

“ಒಂದು ವಾರ ಇಲ್ಲೇ ಬಿಟ್ಟು ಹೋಗು. ಇನ್ನೊಂದ್ಸಲ ನೋಡಿ ಹೇಳ್ತೀನಿ” ಎಂದಳು.

ನನ್ನ ಕರಡು ಸಾಲುಗಳ ಸಮೇತ ಒಂದು ಡಿಸ್ಕಿಗೆ ಹಾಕಿಕೊಟ್ಟು ಬಂದೆ. ಅಕ್ಕ ಅಲ್ಲವೇ ಎಂದುಕೊಂಡೆ. ಈಗ ಹೊಸಬರಿಗೆ ಇದನ್ನೇ ಒತ್ತಿ ಹೇಳುತ್ತೇನೆ: ಯಾರೇ ಕೇಳಲಿ, ಕೊಡಬೇಡಿ. ನಿಯಮ ಇರುವುದು ಕಳ್ಳರಿಗಾಗಿ ಮಾತ್ರವಲ್ಲ.

ಒಂದು ವಾರ ಎಷ್ಟು ಸಲ ಫೋನ್ ಮಾಡಿದರೂ ಪಾಕ್ ಸಾನ್ ಧ್ವನಿಯೇ. ಎಂಟನೇ ದಿನ ಬೆಳಗಿನ ಮೊದಲ ರೈಲು ಹಿಡಿದು ಹೋದೆ. ಬಾಗಿಲು ತೆರೆದಳು. ಪರದೆಗಳೆಲ್ಲ ಎಳೆದಿದ್ದವು. ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಅನ್ನದ ಉಂಡೆಗಳು ಪೊಟ್ಟಣ ಬಿಚ್ಚದೆ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಟಿ.ವಿ.ಯಲ್ಲಿ ಆ ಗುಮಾಸ್ತ ಮಾತಾಡುತ್ತಿದ್ದ, ಅವಳು ಟಿ.ವಿ.ಗೆ ಬೆನ್ನು ಹಾಕಿ ಕೂತಿದ್ದಳು.

“ನೋಡ್ತಿಲ್ವಾ ಅಕ್ಕ?”

“ನೋಡಿದ್ರೆ ಅವನ ಮುಖ ಕಾಣುತ್ತೆ. ಕೇಳಿದ್ರೆ ಇವರು ಕಾಣ್ತಾರೆ.”

ನನಗೆ ಆ ನಟನ ಧ್ವನಿಯಲ್ಲಿ ಪಾಕ್ ಸಾನ್ ಕೇಳಿಸಿರಲಿಲ್ಲ. ಅವಳಿಗೆ ಕೇಳಿಸಿತ್ತು. ಅವಳು ಮೇಜಿನ ಮೇಲಿದ್ದ ಒಂದು ಲಕೋಟೆ ನನ್ನ ಕಡೆ ತಳ್ಳಿದಳು. ಆ ನಟನಿಗೆ ಬರೆದ ಕಾಗದ. ಒಳಗೆ ಪಾಕ್ ಸಾನ್ ಹೇಳುತ್ತಿದ್ದ ನಾಲ್ಕು ವಾಕ್ಯಗಳು. ಅವನ್ನು ಓದಿ ಧ್ವನಿಮುದ್ರಿಸಿ ಕಳಿಸಬೇಕೆಂದು ಕೇಳಿಕೊಂಡಿದ್ದಳು.

“ಚಿತ್ರೋತ್ಸವದೋರು ನಿಂಗೆ ಗೊತ್ತಲ್ಲ. ಅವರ ಕೈಲಿ ಕೊಡಿಸು. ನಾಲ್ಕೇ ನಾಲ್ಕು ಮಾತು.”

“ಅಕ್ಕ, ಆ ಸಿನಿಮಾದಲ್ಲಿ ಆ ಹೆಂಗಸು ಮಾಡಿದ್ದೂ ಇದೇ ಅಲ್ವಾ?”

“ಗೊತ್ತು. ನಂಗೇನು ಕಥೆ ಅರ್ಥ ಆಗಲ್ಲ ಅಂದ್ಕೊಂಡ್ಯಾ?” ಅವಳ ಧ್ವನಿ ಏರಿತು. “ಊರಿನೋರಿಗೆಲ್ಲ ಮಾತು ಬರ್ಕೊಡೋದು ನಿನ್ನ ಕೆಲಸ. ನಾನು ಕೇಳಿದ್ರೆ ಮಾತ್ರ ಕಥೆ ಹೇಳ್ತೀಯ.”

ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಗಲಿ ಎನ್ನುವಂತೆಯೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಪೆನ್ಸಿಲು ತೆಗೆದೆ. “ಇವನ್ನ ಇಂಗ್ಲಿಷಿಗೆ ಮಾಡೋಣ. ಆಮೇಲೆ ಕಳಿಸೋ ವಿಷಯ ಮಾತಾಡೋಣ. ಮೊದಲನೇದು ಓದು” ಎಂದೆ.

ಅವಳು ಸಿಟ್ಟಿನಲ್ಲೇ ಓದಿದಳು. ‘ಛತ್ರಿ ತಗೊಂಡ್ಯಾ?’

“ಯಾವಾಗ ಹೇಳ್ತಿದ್ರು? ಮಳೆ ಬರ್ತಿದ್ದಾಗಲಾ, ಮೋಡ ಆದಾಗಲಾ?”

“ಬಿಸಿಲಿದ್ದಾಗ.”

“ಬಿಸಿಲಿದ್ದಾಗ ಯಾಕೆ?”

ಅಕ್ಕ ಕಾಗದವನ್ನು ಮೇಜಿನ ಮೇಲಿಟ್ಟಳು. “ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಬಿಸಿಲಿದೆ ಅಂತ ಛತ್ರಿ ಬಿಟ್ಟು ಹೋಗಿ, ನೆನ್ಕೊಂಡು ಬಂದು, ಜ್ವರ ಬಂದು ಮಲಗಿದ್ದೆ. ಅವತ್ತಿಂದ ಬಿಸಿಲಿದ್ರೆ ಸಾಕು, ಕೇಳೋರು. ನಗಿಸೋಕೆ ಕೇಳ್ತಿದ್ರು.”

“ನಗ್ತಾ ಕೇಳೋರಾ?”

“ಇಲ್ಲ. ಇವರು ನಗ್ತಿರಲಿಲ್ಲ. ಪೇಪರ್ ನೋಡ್ತಾ ಕೇಳೋರು, ನಾನು ನಗ್ತಿದ್ದೆ.”

ನೀವು ಈ ಕೆಲಸ ಮಾಡಿದ್ದರೆ ಗೊತ್ತಿರುತ್ತದೆ. ಒಂದು ಮಾತನ್ನು ಬೇರೆ ಭಾಷೆಗೆ ತರಬೇಕಾದರೆ ಆಡಿದವರು ಎಲ್ಲಿ ನಿಂತಿದ್ದರು, ಯಾರನ್ನು ನೋಡುತ್ತಿದ್ದರು, ಅದಕ್ಕೆ ಮೊದಲು ಏನಾಗಿತ್ತು ಎಲ್ಲವೂ ಬೇಕು. ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಎರಡನೆಯ ವಾಕ್ಯ ‘ಬಿಡು, ನಾನೇ ತೊಳೀತೀನಿ.’ ಆದರೆ ಒಂದು ದಿನವೂ ಪಾತ್ರೆ ತೊಳೆಯದ ಮನುಷ್ಯ. ಮೂರನೆಯದಕ್ಕೆ ಬರುವ ಹೊತ್ತಿಗೆ ಅವಳು ಎದ್ದು ನಿಂತು ಪಾಕ್ ಸಾನ್ ಹೇಗೆ ಬಾಗಿಲಲ್ಲಿ ಬಗ್ಗುತ್ತಿದ್ದರು ಎಂದು ಅಭಿನಯಿಸಿ ತೋರಿಸಿದಳು. ಜಪಾನಿನ ಬಾಗಿಲುಗಳು ಅವರಿಗೆ ಗಿಡ್ಡ. ಮಧ್ಯಾಹ್ನವಾಯಿತು. ಅನ್ನದ ಉಂಡೆಗಳನ್ನು ಬಿಚ್ಚಿ ತಿಂದೆವು. ನಾಲ್ಕನೆಯ ವಾಕ್ಯಕ್ಕೆ ಹೋಗಲೇ ಇಲ್ಲ.

“ಆ ನಟನ ಧ್ವನೀಲಿ ಇವರು ಸಿಟ್ಟು ಮಾಡ್ಕೊಳ್ಳೋದು ಬರಲ್ಲ ಅಲ್ವಾ?” ಎಂದಳು ಇದ್ದಕ್ಕಿದ್ದಂತೆ. “ನಾಲ್ಕು ಒಳ್ಳೇ ಮಾತೇ ಬರೆದಿದ್ದೀನಿ ನೋಡು. ಇವರು ಎಷ್ಟು ಮುಂಗೋಪಿ ಅಂತ ಮರ್ತೇ ಹೋಗಿತ್ತು.”

ಕಾಗದವನ್ನು ಅವಳೇ ಮಡಿಸಿ ಅಡುಗೆ ಪುಸ್ತಕದೊಳಗೆ ಇಟ್ಟಳು. ಹರಿಯಲಿಲ್ಲ, ಅಳಲೂ ಇಲ್ಲ. ಎದ್ದು ಒಂದು ಪರದೆ ಸರಿಸಿದಳು. ಆಗ ನನ್ನ ಕೆಲಸದ ನೆನಪಾಗಿ, ಯೊಬೊ ಎಂದು ನೀನು ಅವರನ್ನು ಯಾವಾಗ ಕರೆಯುತ್ತಿದ್ದೆ ಎಂದು ಕೇಳಿದೆ.

“ಕರೆಯೋಕೆ ಅಂತ ಯಾವತ್ತು ಹೇಳಿದ್ದೀನಿ? ಸಂಜೆ ಬಾಗಿಲು ಸದ್ದಾಗೋದು, ಒಳಗಿಂದ ಯೊಬೊ ಅಂತಿದ್ದೆ. ಅಷ್ಟೇ.”

ನಾನು ಪೆನ್ಸಿಲು ಕೆಳಗಿಟ್ಟೆ. ಪ್ರತಿ ಸಂಜೆ ನಮ್ಮವರು ಸೈಕಲ್ಲು ನಿಲ್ಲಿಸುವ ಸದ್ದಾದಾಗ ಅಡುಗೆಮನೆಯಿಂದ ನಾನೂ ಒಂದು ಮಾತು ಹೇಳುತ್ತೇನೆ. ‘ಬಂದ್ರಾ?’ ಬಂದದ್ದು ಗೊತ್ತಿದ್ದೂ ಕೇಳುವ ಪ್ರಶ್ನೆ. ಇನ್ಯಾರು ಬಂದರೂ ಆ ಧ್ವನಿಯಲ್ಲಿ ಹಾಗೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಯೂ ಆರ್ ಹೋಮ್’. ಸಂಬೋಧನೆಯನ್ನೇ ಬಿಟ್ಟುಬಿಡಬೇಕಿತ್ತು. ಮೂರು ಪದ, ಎರಡು ಸೆಕೆಂಡಿಗೆ ಸಲೀಸಾಗಿ ಕೂರುತ್ತದೆ. ಬರೆದು ತೋರಿಸಿದೆ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಇದು ಮಾತ್ರ ಅರ್ಥವಾಯಿತು. ಆಗ ಅತ್ತಳು.

ಮಾರನೆಯ ದಿನ ಕಚೇರಿಗೆ ಹೋಗಿ ಓಕುಡಾ ಸಾನ್ ಮುಂದೆ ನಿಂತು ಎಲ್ಲ ಹೇಳಿದೆ. ಚಿತ್ರ ತೋರಿಸಿದ್ದು, ಡಿಸ್ಕು ಬಿಟ್ಟು ಬಂದದ್ದು, ಅದು ಇನ್ನೂ ಅಲ್ಲೇ ಇರುವುದು. ಮತ್ತೆ ಮತ್ತೆ ಸುಮಿಮಾಸೆನ್, ತಪ್ಪಾಯಿತು, ಎಂದೆ. ಅವರು ಸ್ಟಾಪ್‌ವಾಚ್ ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಯಿತು ಎಂದೇ ಅಂದುಕೊಂಡೆ.

“ನಿರ್ಮಾಪಕರಿಗೆ ನಾನೇ ಹೇಳ್ತೀನಿ. ಆರು ತಿಂಗಳು ನಿಮಗೆ ಹೊಸ ಚಿತ್ರ ಇಲ್ಲ, ಬೇರೆಯವರು ಬರೆದದ್ದಕ್ಕೆ ಸಮಯ ಮಾತ್ರ ಹೊಂದಿಸಿಕೊಡಿ” ಎಂದರು. ಆಮೇಲೆ, “ಡಿಸ್ಕು ತರೋಕೆ ನಾನೂ ಬರ್ತೀನಿ” ಎಂದರು.

ಸೆಂಡಾಯ್‌ನಲ್ಲಿ ಅಕ್ಕ ಇಬ್ಬರಿಗೂ ಚಹಾ ಕೊಟ್ಟು, ಡಿಸ್ಕನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿ ವಾಪಸ್ ಕೊಟ್ಟಳು. ಜೊತೆಗೆ ಒಂದು ನೋಟ್‌ಬುಕ್. ಮೂವತ್ತು ಸಲವಾದರೂ ನೋಡಿದ್ದಳಂತೆ. ಮೊದಲ ದಿನಗಳಲ್ಲಿ, ಇನ್ನೂ ಕಣ್ಣು ತೆರೆದು ನೋಡುತ್ತಿದ್ದಾಗ, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ತಪ್ಪು ಕಂಡದ್ದನ್ನೆಲ್ಲ ಬರೆದಿಟ್ಟಿದ್ದಳು. ನನ್ನ ಕರಡಿನಲ್ಲಿ ಹನ್ನೊಂದು ತಪ್ಪು. ಒಂದು ಕಡೆ ನಾನು ಅತ್ತೆ ಎಂದದ್ದು ಅತ್ತಿಗೆಯಾಗಬೇಕಿತ್ತು. ಇನ್ನೊಂದು ಕಡೆ ಗುಮಾಸ್ತ ಬಹುವಚನ ಬಿಟ್ಟು ಏಕವಚನಕ್ಕೆ ಜಾರಿದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ. ಕೊನೆಯ ದೃಶ್ಯದಲ್ಲಿ ಹೆಂಗಸು ದೀಪ ಹಾಕಿ, ಕಣ್ಣು ತೆರೆದು, ಅವನನ್ನು ಮೊದಲ ಸಲ ನೋಡುವಂತೆ ನೋಡಿ “ಊಟ ಆಯ್ತಾ?” ಎನ್ನುತ್ತಾಳೆ. ಅದನ್ನು ಗೌರವದ ರೂಪದಲ್ಲಿ, ಹೊಸಬರನ್ನು ಕೇಳುವ ಹಾಗೆ ಕೇಳುತ್ತಾಳೆ ಎಂದು ಅಕ್ಕ ಅಡಿಗೆರೆ ಎಳೆದಿದ್ದಳು. ಗುಮಾಸ್ತ ತನಗೆ ತಾನೇ ವಾಪಸ್ ಸಿಗುವುದು ಆ ಬಹುವಚನದಲ್ಲಿ. ನಾನು ಅದನ್ನೂ ತಪ್ಪಿಸಿದ್ದೆ.

ಓಕುಡಾ ಸಾನ್ ಪುಟ ತಿರುವುತ್ತಾ ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ನಮ್ಮ ಕೆಲಸಾನ ಇಷ್ಟು ಗಮನಕೊಟ್ಟು ಯಾರೂ ನೋಡಿಲ್ಲ” ಎಂದರು. “ನಮ್ಮಲ್ಲಿ ಕೊರಿಯನ್ ಪರಿಶೀಲಕರಿಲ್ಲ. ಮನೆಯಿಂದಲೇ ಮಾಡಬಹುದು. ಆದರೆ ಒಂದು ಷರತ್ತು. ಒಂದು ಚಿತ್ರವನ್ನ ಮೂರು ಸಲಕ್ಕಿಂತ ಹೆಚ್ಚು ನೋಡಬಾರದು.”

ಅಕ್ಕ ಉತ್ತರ ಕೊಡಲು ಒಂದು ತಿಂಗಳು ತೆಗೆದುಕೊಂಡಳು. ಅಷ್ಟರಲ್ಲಿ ಓಕುಡಾ ಸಾನ್ ಸೆಂಡಾಯ್ ಮನೆಗೆ ಹಲವು ಸಲ ಫೋನ್ ಮಾಡಿದರು. ಪಾಕ್ ಸಾನ್ ತೀರಿಕೊಂಡದ್ದು ಅವರಿಗೆ ಗೊತ್ತು, ಆದರೆ ಫೋನಿನಲ್ಲಿ ಬರುವ ಧ್ವನಿ ಪಾಕ್ ಸಾನ್ ಅವರದೇ ಎಂಬುದು ಗೊತ್ತಿಲ್ಲ. ಮನೆಯಲ್ಲಿ ಯಾರೋ ಹಿರಿಯರಿದ್ದಾರೆ ಎಂದುಕೊಂಡು, “ದಯವಿಟ್ಟು ಯುನ್‌ಜಂಗ್ ಸಾನ್ ಅವರಿಗೆ ತಿಳಿಸಿ, ಹೊಸ ಚಿತ್ರ ಬಂದಿದೆ, ಎರಡು ಗಂಟೆ ಹತ್ತು ನಿಮಿಷ” ಎಂದು ಆ ಯಂತ್ರಕ್ಕೆ ಬಗ್ಗಿ ಬಗ್ಗಿ ವರದಿ ಒಪ್ಪಿಸುತ್ತಿದ್ದರು. ಕೇಳಿದ ಅಕ್ಕ ನನಗೆ ಫೋನ್ ಮಾಡಿ ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. “ಪಾಪ, ಸತ್ತ ಮೇಲೂ ಇವರಿಗೆ ಗುಮಾಸ್ತೆ ಕೆಲಸ ಬಂತು. ಇವರನ್ನ ಬಿಡುಗಡೆ ಮಾಡ್ತೀನಿ” ಎಂದಳು. ಹಳೆಯ ಧ್ವನಿಯನ್ನು ಬೇರೆ ಕಡೆ ಉಳಿಸಿಕೊಂಡು, ಯಂತ್ರಕ್ಕೆ ತನ್ನದನ್ನು ಹಾಕಿದಳು. ಕೆಲಸಕ್ಕೂ ಒಪ್ಪಿದಳು.

ಈಗ ಕೆಲಸದ ರೀತಿ ಮತ್ತೆ ಬದಲಾಗಿದೆ. ಚಿತ್ರ ಹಾಕಿದರೆ ಕಂಪ್ಯೂಟರೇ ಕರಡು ಬರೆದುಕೊಡುತ್ತದೆ. ಅದನ್ನು ಕಂಡರೆ ನನಗೇನೂ ಕೋಪವಿಲ್ಲ. ಹವಾಮಾನ ವರದಿ, ಪೊಲೀಸ್ ಠಾಣೆ, ರೈಲು ಹೊರಡುವ ವೇಳೆ, ಇವನ್ನು ಅದು ನನಗಿಂತ ಚೆನ್ನಾಗಿ ಬರೆಯುತ್ತದೆ. ಕುತೂಹಲಕ್ಕೆ ಆ ಹಳೆಯ ದೃಶ್ಯವನ್ನು ಅದಕ್ಕೆ ಕೊಟ್ಟು ನೋಡಿದೆ. ‘ಹನಿ’ ಎಂದು ಬರೆಯಿತು. ಬೈಯಬೇಡಿ, ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಅದನ್ನೇ ಬರೆಯುತ್ತಿದ್ದೆ. ಅದು ಕೊಟ್ಟದ್ದನ್ನು ಓದಿದ ಮೇಲೆ ಪರದೆ ಆಫ್ ಮಾಡಿ, ಧ್ವನಿ ಮಾತ್ರ ಕೇಳಿ. ಆಮೇಲೆ ಧ್ವನಿ ಆಫ್ ಮಾಡಿ ಮುಖ ಮಾತ್ರ ನೋಡಿ. ಎರಡೂ ಒಂದೇ ಮಾತು ಹೇಳದಿರುವ ಕಡೆ ನಿಮ್ಮ ಕೆಲಸ ಇದೆ.

ಆ ಚಿತ್ರ ಮರುವರ್ಷ ಸೆಂಡಾಯ್‌ನ ಒಂದು ಸಣ್ಣ ಚಿತ್ರೋತ್ಸವದಲ್ಲಿ ಮಧ್ಯಾಹ್ನದ ಆಟಕ್ಕೆ ಬಂತು. ಗುಮಾಸ್ತನ ಪಾತ್ರ ಮಾಡಿದ ನಟನೂ ಕೊರಿಯಾದಿಂದ ಬಂದಿದ್ದರು. ಓಕುಡಾ ಸಾನ್, ನಾನು, ಅಕ್ಕ ಮೂವರೂ ಹೋದೆವು. ಅಕ್ಕ ಹೊಸ ಕೋಟು ಹಾಕಿದ್ದಳು. ನನಗೆ ಒಳಗೊಳಗೇ ಭಯ. ‘ಯೂ ಆರ್ ಹೋಮ್’ ಮೂಡಿದಾಗ ವಿದೇಶಿಯರು ಕೂತಿದ್ದ ಸಾಲಿನಲ್ಲಿ ಯಾರೂ ನಗಲಿಲ್ಲ, ಯಾರೂ ಮೊದಲೇ ಉದ್ಗರಿಸಲಿಲ್ಲ. ಇಡೀ ಹಾಲ್ ಒಟ್ಟಿಗೆ ಉಸಿರು ಹಿಡಿದದ್ದು ಕೇಳಿಸಿತು. ನಾನು ಅಕ್ಕನ ಕಡೆ ನೋಡಲಿಲ್ಲ.

ಚಿತ್ರ ಮುಗಿಯಿತು. ನಟ ಮೆಟ್ಟಿಲ ಬಳಿ ಬಂದು ನಿಂತರು, ವೇದಿಕೆ ಮಾತ್ರ ಖಾಲಿ. ಬೆಳಗ್ಗೆ ಸಣ್ಣದಾಗಿ ಭೂಮಿ ನಡುಗಿತ್ತು, ಹಳಿ ಪರೀಕ್ಷೆಗೆಂದು ರೈಲು ನಿಲ್ಲಿಸಿದ್ದರು, ಟೋಕಿಯೋದಿಂದ ಬರಬೇಕಿದ್ದ ದುಭಾಷಿ ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಸಂಘಟಕರು ಓಡಾಡುತ್ತಿದ್ದರು. ಓಕುಡಾ ಸಾನ್ ತಿರುಗಿ ಅಕ್ಕನನ್ನು ನೋಡಿದರು.

“ನಾನಾ? ನಾನು ಮನೇಲಿ ಕೂತು ತಪ್ಪು ಹುಡುಕೋಳು” ಎಂದಳು ಅಕ್ಕ.

“ಇಲ್ಲಿ ನಿಂತು ಹುಡುಕಿ” ಎಂದರು ಓಕುಡಾ ಸಾನ್.

ಬೇಡ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೋಟು ತೆಗೆದು ನನ್ನ ಮಡಿಲಿಗೆ ಹಾಕಿ ಎದ್ದಿದ್ದಳು. ಆ ನಟನಿಂದ ಒಂದು ಮೊಳ ದೂರದಲ್ಲಿ, ಮೈಕು ಹಿಡಿದು ನಿಂತಳು. ಅವರು ಮಾತು ಶುರು ಮಾಡಿದರು. ಅವಳು ನಟ ‘ನಾನು’ ಎಂದಾಗಲೆಲ್ಲ ‘ನಾನು’ ಎಂದೇ ಜಪಾನಿಯಲ್ಲಿ ಹೇಳಿದಳು, ದುಭಾಷಿಗಳು ಹೇಳಬೇಕಾದದ್ದು ಹಾಗೆಯೇ. ಮೊದಲ ಎರಡು ಪ್ರಶ್ನೆ ಸುಲಭದವು. ಮೂರನೆಯದನ್ನು ಹಿಂದಿನ ಸಾಲಿನಿಂದ ವಯಸ್ಸಾದ ಜಪಾನಿ ಹೆಂಗಸೊಬ್ಬರು ಎದ್ದುನಿಂತು ಕೇಳಿದರು: “ತೀರಿಕೊಂಡವರ ಧ್ವನಿ ಬಾಗಿಲಾಚೆ ಕೇಳಿದರೆ ನೀವು ಬಾಗಿಲು ತೆರೆಯುತ್ತೀರಾ?”

ಅಕ್ಕ ಅದನ್ನು ಕೊರಿಯನ್ನಿನಲ್ಲಿ ಅವರಿಗೆ ಹೇಳಿದಳು. ನಟ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟರು. ಅಕ್ಕ ಮೈಕು ಬಾಯಿಗೆ ಹಿಡಿದಳು. ಒಂದು ಸೆಕೆಂಡು, ಎರಡು, ನಾಲ್ಕು. ನಾನು ಅರ್ಧ ಎದ್ದೆ. ಓಕುಡಾ ಸಾನ್ ನನ್ನ ತೋಳು ಹಿಡಿದು ಕೂರಿಸಿದರು.

“ತೆರೀತೀನಿ” ಎಂದಳು ಅಕ್ಕ ಜಪಾನಿಯಲ್ಲಿ, ಸ್ಪಷ್ಟವಾಗಿ, ಕೊನೆಯ ಸಾಲಿಗೂ ಕೇಳಿಸುವಂತೆ. “ಆದರೆ ದೀಪ ಹಾಕಿ ತೆರೀತೀನಿ.”

ಕೇಳಿದ ಹೆಂಗಸು ತಲೆಬಾಗಿ ಕೂತರು. ಅಕ್ಕ ಮುಂದಿನ ಪ್ರಶ್ನೆಗೆ ಕೈ ತೋರಿಸಿದಳು. ಅರ್ಧ ಗಂಟೆ ಹಾಗೇ ನಡೆಯಿತು. ಕೆಳಗಿಳಿದು ಬಂದವಳು ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಒಂದೇ ಸಮ ಕುಡಿದಳು. ಹೇಗಿತ್ತು ಅಕ್ಕ, ಅವರ ಧ್ವನಿ ಅಷ್ಟು ಹತ್ತಿರದಿಂದ, ಎಂದು ಮೆಲ್ಲಗೆ ಕೇಳಿದೆ.

“ಧ್ವನಿ ಎಲ್ಲಿ ಕೇಳ್ತೀಯ! ಏನು ಸ್ಪೀಡು ಆ ಮನುಷ್ಯ! ವಾಕ್ಯ ಮುಗಿಸೋದೇ ಇಲ್ಲ, ಉಸಿರು ತಗೊಳ್ಳೋಕೂ ಬಿಡಲ್ಲ” ಎಂದಳು. ಮತ್ತೆ ಓಕುಡಾ ಸಾನ್ ಕಡೆ ತಿರುಗಿ, “ಮುಂದಿನ ಸಲ ಪ್ರಶ್ನೆಗಳನ್ನ ಹಿಂದಿನ ದಿನವೇ ನಂಗೆ ಕಳಿಸಬೇಕು. ಆಮೇಲೆ ಮೈಕು ಇನ್ನೊಂದು ಬೇಕು” ಎಂದಳು.

ಓಕುಡಾ ಸಾನ್ ಚೀಟಿ ತೆಗೆದು ಬರೆದುಕೊಂಡರು.